ಹಗ್ಗ ಎಳೆದದ್ದು ಸಾಕು, ಮೊದಲು ಪ್ಲಗ್ಗು ಮೂಸಿ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ಬಿದ್ದಿರುತ್ತವೆ. 10 ಎಚ್‌ಪಿವರೆಗಿನ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತೂಗುಹಾಕುವ ಇಂಜಿನು) ಕಟ್ಟಿದ ನಾಡದೋಣಿಗಳು ಮಾತ್ರ ಕಡಲಿಗೆ ಇಳಿಯುತ್ತವೆ. ಆ ಎರಡು ತಿಂಗಳು, ಇಂಜಿನು ರಿಪೇರಿ ಮಾಡುವ ನನ್ನ ಫೋನು ಬೆಳಗಿನ ಜಾವ ನಾಲ್ಕಕ್ಕೇ ಬಡಿದುಕೊಳ್ಳುತ್ತದೆ. ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ, ಇಂಜಿನು ಯಾಕೆ ಸ್ಟಾರ್ಟ್ ಆಗುತ್ತಿಲ್ಲ? ನೀವು ಬರೆದು ಕೇಳಿದ ಪ್ರಶ್ನೆಗಳಲ್ಲಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ನಮ್ಮದು ಗಂಗೊಳ್ಳಿಯ ನಾಡದೋಣಿ. 9.9 ಎಚ್‌ಪಿ ಟೂ ಸ್ಟ್ರೋಕ್ ಸೀಮೆಎಣ್ಣೆ ಇಂಜಿನು. ನಿನ್ನೆ ಸಂಜೆ ಚೆನ್ನಾಗಿಯೇ ಓಡಿತ್ತು. ಬೆಳಿಗ್ಗೆ ಐವತ್ತು ಸಲ ಹಗ್ಗ ಎಳೆದರೂ ಸ್ಟಾರ್ಟ್ ಇಲ್ಲ. ಹೊಸ ಸ್ಪಾರ್ಕ್ ಪ್ಲಗ್ ಹಾಕಿಯೂ ಆಯ್ತು. ಕಾರ್ಬೊರೇಟರ್ ಬದಲಿಸಬೇಕಾ?

ಬೇಡ. ಯಾರು ಹೇಳಿದರು ನಿಮಗೆ? ಆಫ್ ಸ್ವಿಚ್ಚಿಗೆ ಸಿಕ್ಕಿಸುವ ಕೆಂಪು ಸುರುಳಿ ಹಗ್ಗದ ಕ್ಲಿಪ್ಪು (ತೆಗೆದರೆ ಕಿಡಿ ಬರುವುದಿಲ್ಲ), ನ್ಯೂಟ್ರಲ್ ಗೇರು, ಟ್ಯಾಂಕಿನ ಎಣ್ಣೆ ಇವನ್ನೆಲ್ಲ ನೋಡಿಯೇ ಬರೆದಿದ್ದೀರಿ ಅಂದುಕೊಳ್ಳುತ್ತೇನೆ.

ಈ ಇಂಜಿನು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ನಿನ್ನೆ ಸಂಜೆ ಇಂಜಿನು ನಿಲ್ಲಿಸುವಾಗ ಯಾವ ಎಣ್ಣೆಯ ಮೇಲಿತ್ತು? ಇದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನನ್ನ ಅಂದಾಜು, ಸೀಮೆಎಣ್ಣೆಯ ಮೇಲೇ ಆಫ್ ಮಾಡಿದ್ದೀರಿ. ದಡ ಮುಟ್ಟಿತು, ಮೀನು ಇಳಿಸುವ ಗಡಿಬಿಡಿ, ಸ್ವಿಚ್ ಒತ್ತಿ ಇಳಿದಿರಿ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಸೀಮೆಎಣ್ಣೆ ಹಾಗೇ ಉಳಿಯಿತು. ಪೆಟ್ರೋಲು ಎಂಥ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆ ಹಾಗಲ್ಲ, ಅದಕ್ಕೆ 35 ಡಿಗ್ರಿಯಾದರೂ ದಾಟಬೇಕು. ಮಳೆಗಾಲದ ಬೆಳಗಿನ ಜಾವ, ತಣ್ಣಗಿನ ಇಂಜಿನು, ಬಟ್ಟಲ ತುಂಬ ಸೀಮೆಎಣ್ಣೆ. ಐವತ್ತಲ್ಲ, ಐನೂರು ಸಲ ಎಳೆದರೂ ಅದು ಹತ್ತುವುದಿಲ್ಲ.

ಪ್ಲಗ್ಗು ಬಿಚ್ಚಿ. ತುದಿಯನ್ನು ಮೂಸಿ, ಬೆರಳಿಗೆ ಒರೆಸಿಕೊಳ್ಳಿ. ಪೆಟ್ರೋಲಾದರೆ ಬೆರಳು ತಣ್ಣಗಾಗಿ ಬೇಗ ಆರುತ್ತದೆ. ಸೀಮೆಎಣ್ಣೆಯಾದರೆ ಜಿಡ್ಡು ಹಾಗೇ ಕೂರುತ್ತದೆ, ವಾಸನೆಯಂತೂ ಹೇಳುವುದೇ ಬೇಡ. ತುದಿ ಪೂರ್ತಿ ಒಣಗಿದ್ದರೆ ಎಣ್ಣೆ ಒಳಗೆ ಬರುತ್ತಲೇ ಇಲ್ಲ ಎಂದು ಅರ್ಥ, ಆ ದಾರಿ ಬೇರೆ.

ಸೀಮೆಎಣ್ಣೆ ಎಂದು ಗೊತ್ತಾದರೆ ಬಟ್ಟಲಿನ ಅಡಿಯಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಗಾಜಿನ ಲೋಟದಲ್ಲಿ ಹಿಡಿಯಿರಿ. ಕಡಲಿಗೆ ಚೆಲ್ಲಬೇಡಿ. ಲೋಟವನ್ನು ಎರಡು ನಿಮಿಷ ಹಾಗೇ ಇಡಿ. ಅಡಿಯಲ್ಲಿ ಬೇರೆ ಬಣ್ಣದ ಪದರವೋ ಗುಂಡು ಗುಂಡು ಹನಿಯೋ ಕಂಡರೆ ನೀರೂ ಸೇರಿದೆ, ಟ್ಯಾಂಕನ್ನೂ ಖಾಲಿ ಮಾಡಬೇಕು. ಸ್ಕ್ರೂ ಬಿಗಿದು ಪೈಪನ್ನು ಪೆಟ್ರೋಲಿಗೆ ತಿರುಗಿಸಿ, ಟ್ಯಾಂಕಿನ ಗಾಳಿ ಸ್ಕ್ರೂ ತೆರೆದು, ಪ್ರೈಮರ್ ಬಲ್ಬನ್ನು (ಪೈಪಿನ ನಡುವೆ ಇರುವ, ಎಣ್ಣೆ ಒತ್ತಿ ಕಳಿಸುವ ರಬ್ಬರ್ ಉಂಡೆ) ಗಟ್ಟಿಯಾಗುವವರೆಗೆ ಒತ್ತಿ. ಬಲ್ಬಿನ ಬಾಣ ಇಂಜಿನಿನ ಕಡೆಗೇ ಇರಬೇಕು. ಉಲ್ಟಾ ಜೋಡಿಸಿ ತಂದವರನ್ನೂ ನೋಡಿದ್ದೇನೆ. ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಓಡುವಾಗ ಬಲ್ಬು ಚಪ್ಪಟೆಯಾದರೆ ಗಾಳಿ ಸ್ಕ್ರೂ ತೆರೆದಿಲ್ಲ. ಒಣಗಿದ ಪ್ಲಗ್ಗಿಗೂ ಈ ಎರಡೇ ಮೊದಲ ಅನುಮಾನ.

ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸಿ ಒಣಗಿಸಿ. ಸಿಲಿಂಡರಿನೊಳಗೂ ಸೀಮೆಎಣ್ಣೆ ನಿಂತಿರುತ್ತದೆ. ಪ್ಲಗ್ಗಿಲ್ಲದೆ, ಸ್ವಿಚ್ಚಿನ ಕ್ಲಿಪ್ಪು ತೆಗೆದು, ಏಳೆಂಟು ಸಲ ಹಗ್ಗ ಎಳೆದರೆ ಹೊರಗೆ ಉಗುಳುತ್ತದೆ. ಮುಖ ಅಡ್ಡ ಕೊಡಬೇಡಿ. ಆಮೇಲೆ ಪ್ಲಗ್ಗು, ಕ್ಲಿಪ್ಪು ಎರಡನ್ನೂ ಹಾಕಿ, ಚೋಕ್ ಎಳೆದು ಸ್ಟಾರ್ಟ್ ಮಾಡಿ. ಕೆಮ್ಮಿದ ಕೂಡಲೇ ಚೋಕ್ ಒಳಗೆ. ಇಷ್ಟು ಮಾಡಿದರೆ ಹತ್ತರಲ್ಲಿ ಎಂಟು ಇಂಜಿನು ನಾಲ್ಕೈದು ಎಳೆತಕ್ಕೇ ಏಳುತ್ತವೆ.

ಏಳದಿದ್ದರೆ ಮಾತ್ರ ಕಿಡಿ ನೋಡಿ. ಎಣ್ಣೆ ಹಿಡಿದ ಲೋಟ ದೂರ ಇಡಿ, ಚೆಲ್ಲಿದ್ದನ್ನು ಒರೆಸಿ, ಗಾಳಿಯಾಡಲು ಬಿಡಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನಿನ ಬ್ಲಾಕಿಗೆ ತಾಗಿಸಿ, ಪ್ಲಗ್ಗಿನ ತೂತಿನಿಂದ ದೂರ ಹಿಡಿದು ಎಳೆಯಿರಿ. ನೀಲಿ ಕಿಡಿ ಚಟ್ ಅನ್ನಬೇಕು. ಕಿಡಿಯೇ ಇಲ್ಲದಿದ್ದರೆ ಸ್ವಿಚ್ಚಿನ ವೈರಿಗೆ ಉಪ್ಪು ಹಿಡಿದಿದೆಯಾ ನೋಡಿ. ಅಲ್ಲಿಂದ ಮುಂದೆ ಕಿಡಿ ಹುಟ್ಟಿಸುವ ಕಾಯಿಲ್, ಸಿಡಿಐ ಎಂದು ನೀವೇ ಕೈ ಹಾಕಬೇಡಿ, ತನ್ನಿ.

ಇನ್ನು ಮುಂದೆ ದಡ ಕಾಣುತ್ತಿದ್ದಂತೆ ಪೆಟ್ರೋಲಿಗೆ ತಿರುಗಿಸಿ, ಮೂರು ನಿಮಿಷವಾದರೂ ಓಡಿಸಿ, ಆಮೇಲೆ ಆಫ್ ಮಾಡಿ. "ಪೆಟ್ರೋಲ್ ದುಬಾರಿ ಮಾರಾಯ್ರೆ" ಅನ್ನುತ್ತೀರಿ. ಮೂರು ನಿಮಿಷದ ಪೆಟ್ರೋಲು ಎಷ್ಟು, ಒಂದು ದಿನದ ಮೀನು ಎಷ್ಟು, ನೀವೇ ಲೆಕ್ಕ ಹಾಕಿ. ನನಗಂತೂ ರೊಕ್ಕಕ್ಕಿಂತ, ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಹೆದರಿಕೆ ಜಾಸ್ತಿ. ತೆರೆ ಏಳುವ ಜಾಗದಲ್ಲಿ ಒಮ್ಮೆ ಇಂಜಿನು ನಿಂತು, ಬಿಸಿ ಆರಿದ ಮೇಲೆ ಸೀಮೆಎಣ್ಣೆಯಲ್ಲಿ ಹತ್ತದೆ, ದೋಣಿ ಅಡ್ಡ ತಿರುಗಿದ್ದನ್ನು ಅದರೊಳಗೇ ಕೂತು ನೋಡಿದ್ದೇನೆ. ಹಾಗಾಗಿ ಅಳಿವೆ ದಾಟುವಾಗ, ಹೋಗುವಾಗಲೂ ಬರುವಾಗಲೂ, ನಾನು ಪೆಟ್ರೋಲಿನ ಮೇಲೇ ದಾಟುತ್ತೇನೆ. ನನ್ನನ್ನು ಪುಕ್ಕಲ ಅಂದರೂ ಅಡ್ಡಿಯಿಲ್ಲ.

ಪೆಟ್ರೋಲಿಗೆ ನುಸಿಗುಳಿಗೆ ಹಾಕಿದರೆ ಬೇಗ ಸ್ಟಾರ್ಟ್ ಆಗುತ್ತದಂತೆ, ನಿಜವಾ?

ನುಸಿಗುಳಿಗೆ ಬಟ್ಟೆಯ ಪೆಟ್ಟಿಗೆಗೆ.

ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ಒಂದೇ ಎಳೆತಕ್ಕೆ ಹತ್ತುತ್ತದೆ ಎಂದು ನಮ್ಮೂರಿನ ಒಬ್ಬರು ಹೇಳಿದರು.

ಹತ್ತಬಹುದು. ಟೂ ಸ್ಟ್ರೋಕಿಗೆ ಆಯಿಲ್ ಬರುವುದು ಪೆಟ್ರೋಲು, ಸೀಮೆಎಣ್ಣೆಯ ಜೊತೆ ಬೆರೆತೇ. ಸ್ಪ್ರೇಯಲ್ಲಿ ಆಯಿಲ್ ಎಲ್ಲಿದೆ? ಪಿಸ್ಟನ್ ಒಣಗಿ ಉಜ್ಜುತ್ತದೆ. ಆ ಒಬ್ಬರು ರಿಪೇರಿ ದುಡ್ಡು ಕೊಡುತ್ತಾರಾ ಕೇಳಿ.

ಆಯಿಲ್ ಸ್ವಲ್ಪ ಜಾಸ್ತಿ ಹಾಕಿದರೆ ಇಂಜಿನಿಗೆ ಒಳ್ಳೆಯದೇ ಅಲ್ವಾ?

ಅಲ್ಲ. ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಮತ್ತೆ ಸ್ಟಾರ್ಟ್ ಇಲ್ಲ ಎಂದು ನನಗೇ ಫೋನು. ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, ಅಳತೆ ಲೋಟದಲ್ಲಿ. ಕಣ್ಣಂದಾಜು ಬೇಡ. ಸೀಮೆಎಣ್ಣೆಗೆ ಅಳತೆ ಬೇರೆ ಇರಬಹುದು, ಅದನ್ನೂ ಅದೇ ಪುಸ್ತಕದಲ್ಲಿ ನೋಡಿ.

ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆಯಲ್ಲ, ಅದರಿಂದಲೇ ಸ್ಟಾರ್ಟ್ ತೊಂದರೆಯಾ?

ಎಲ್ಲದಕ್ಕೂ ಅದರ ಮೇಲೆ ಗೂಬೆ ಕೂರಿಸಬೇಡಿ. ಆದರೆ ಎಥೆನಾಲು ನೀರನ್ನು ಹೀರುತ್ತದೆ, ಜಾಸ್ತಿಯಾದರೆ ನೀರಿನ ಜೊತೆ ಬೇರ್ಪಟ್ಟು ಅಡಿಗಿಳಿಯುತ್ತದೆ. ಕಳೆದ ಸೀಸನ್ನಿನ ಪೆಟ್ರೋಲನ್ನು ಈ ಸೀಸನ್ನಿಗೆ ಹಾಕಬೇಡಿ. ಹಳೆಯ ರಬ್ಬರ್ ಪೈಪು ಒತ್ತಿದಾಗ ಮೆತ್ತಗಾಗಿದ್ದರೆ ಬದಲಿಸಿ.

ಅಂಗಳದಲ್ಲಿ, ನೀರಿಲ್ಲದೆ, ಒಂದೇ ನಿಮಿಷ ಓಡಿಸಿ ನೋಡಬಹುದಾ?

ಬೇಡ. ಇಂಜಿನು ತಂಪಾಗಿಸಲು ನೀರೆಳೆಯುವ ಪಂಪಿನ ಚಕ್ರ, ಅಂದರೆ ಇಂಪೆಲ್ಲರ್, ರಬ್ಬರಿನದು, ನೀರಿಲ್ಲದೆ ತಿರುಗಿದರೆ ಹಾಳಾಗುತ್ತದೆ. ಡ್ರಮ್ಮಿಗೆ ನೀರು ತುಂಬಿ.

ದೋಣಿ ಮಗುಚಿ ಇಂಜಿನು ಮುಳುಗಿತು. ಎರಡು ದಿನ ಬಿಸಿಲಿಗೆ ಒಣಗಿಸಿ ತರಲಾ?

ಅಯ್ಯೋ, ಬೇಡ! ಉಪ್ಪುನೀರು ಮುಳುಗಿದ್ದಾಗ ಮಾಡದ ಹಾಳನ್ನು ಗಾಳಿ ತಾಗಿದ ಮೇಲೆ ಮಾಡುತ್ತದೆ. ಸಿಹಿನೀರಲ್ಲಿ ಚೆನ್ನಾಗಿ ತೊಳೆದು, ಪ್ಲಗ್ಗು ಬಿಚ್ಚಿ, ಒಳಗಿನ ನೀರು ಬಸಿದು, ಆಯಿಲ್ ಹೊಯ್ದು ಮೆಲ್ಲಗೆ ತಿರುಗಿಸಿ, ಅದೇ ದಿನ ತನ್ನಿ. ಹಗ್ಗ ಬಿಗಿಯಾಗಿದ್ದರೆ ಜಗ್ಗಬೇಡಿ. ಅದೇ ದಿನ ತರಲು ಆಗುವುದಿಲ್ಲವಾ? ಹಾಗಾದರೆ ಸಿಹಿನೀರಿನ ಡ್ರಮ್ಮಿನಲ್ಲೇ ಪೂರ್ತಿ ಮುಳುಗಿಸಿ ಇಡಿ. ವಿಚಿತ್ರ ಅನಿಸುತ್ತದೆ, ಆದರೆ ಬಿಸಿಲಿಗಿಂತ ಅದೇ ಮೇಲು.

ಕಡಲ ಮಧ್ಯೆ ಇಂಜಿನು ನಿಂತರೆ ಮೊದಲು ಏನು ನೋಡಬೇಕು?

ಮೊದಲು ಲಂಗರು ಹಾಕಿ, ಇಂಜಿನಿನ ಮುಚ್ಚಳ ಆಮೇಲೆ ತೆಗೆದರಾಯ್ತು. ಲಂಗರು, ಹುಟ್ಟು, ಲೈಫ್ ಜಾಕೆಟ್ ಇಲ್ಲದ ದೋಣಿಗೆ ನಾನು ಟ್ರಯಲ್ ನೋಡಲಿಕ್ಕೂ ಹತ್ತುವುದಿಲ್ಲ. ಇಂಜಿನು ತರುವವರು ಆ ಮೂರನ್ನೂ ಜೊತೆಗೆ ತನ್ನಿ.