ಪಾಲುದಾರರಿಗೆ ಕಾರ್ಖಾನೆಯ ಬಾಗಿಲು ತೆರೆದರೆ ಲಾಭ ಯಾರಿಗೆ?

ಪೂರೈಕೆದಾರ ಕಂಪನಿಗಳ ಉತ್ಪಾದನೆ ಮತ್ತು ಗುಣಮಟ್ಟದ ಸುಧಾರಣೆ ನನ್ನ ಕೆಲಸವಾದ್ದರಿಂದ ಕೆಳಗಿನ ಮೊದಲ ಪ್ರಶ್ನೆ ನನಗೆ ಬೇರೆಬೇರೆ ರೂಪಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಚುಟುಕು ಉತ್ತರಗಳಿಂದ ಪ್ರಯೋಜನವಾಗಿಲ್ಲ. ಆದ್ದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ.

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ನಮ್ಮಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿಯು ತನ್ನ ಎಂಜಿನಿಯರುಗಳನ್ನು ಕಳುಹಿಸಿ ನಮ್ಮ ಕೆಲಸದ ವಿಧಾನವನ್ನು ಸುಧಾರಿಸುವುದಾಗಿ ಹೇಳುತ್ತಿದೆ. ಜೊತೆಗೆ, ಬಿಡಿಭಾಗವನ್ನು ಯಂತ್ರದಲ್ಲಿ ಬಿಗಿಯಾಗಿ ಹಿಡಿದಿಡಲು ನಾವು ರೂಪಿಸಿಕೊಂಡ ಫಿಕ್ಸ್‌ಚರ್‌ಗಳನ್ನು ಇತರ ವೆಂಡರ್‌ಗಳಿಗೂ ತೋರಿಸಬೇಕಂತೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬಂತೆ ಆಗುವುದಿಲ್ಲವೇ?

ಆಗಬಹುದು. ಆದರೆ ಅದನ್ನು ತೀರ್ಮಾನಿಸುವುದು ನೀವು ಎಷ್ಟು ತೋರಿಸಿದಿರಿ ಎಂಬುದಕ್ಕಿಂತ ಹೆಚ್ಚಾಗಿ, ಸುಧಾರಣೆಯಿಂದ ಉಳಿದ ಹಣ ಮೊದಲು ಯಾರ ಕೈ ಸೇರುತ್ತದೆ ಎಂಬ ನಿಯಮ. ಈ ನಿಯಮದ ಬಗ್ಗೆ ಕೇಳದೆಯೇ ಬಾಗಿಲು ತೆರೆಯುವವರನ್ನೂ ಮುಚ್ಚುವವರನ್ನೂ ಕಂಡಾಗ ನನಗೆ ಬೇಸರವಾಗುತ್ತದೆ.

ಟೊಯೊಟಾ ಈ ವಿಷಯವನ್ನು ನಿಭಾಯಿಸಿದ ರೀತಿಯನ್ನು ನೋಡಿ. ಜಪಾನಿನಲ್ಲಿ ಅದರ ಪೂರೈಕೆದಾರರ ಸಂಘವಾದ ಕ್ಯೊಹೊಕಾಯ್ 1940ರ ದಶಕದಿಂದಲೂ ಇದೆ. ಟೊಯೊಟಾದ ಎಂಜಿನಿಯರ್ ತಾಯಿಚಿ ಓನೊ ಅವರು 1960ರ ದಶಕದಲ್ಲಿ ಕಟ್ಟಿದ ಸಲಹಾ ವಿಭಾಗವು ಪೂರೈಕೆದಾರರ ಕಾರ್ಖಾನೆಗಳಿಗೇ ಹೋಗಿ ಕೆಲಸ ಕಲಿಸುತ್ತಿತ್ತು. ಆ ವಿಭಾಗ ಖರೀದಿ ಇಲಾಖೆಯ ಕೈಕೆಳಗೆ ಇರಲಿಲ್ಲ ಎಂಬುದನ್ನು ಗಮನಿಸಿ. ಅಲ್ಲಿ ಉಳಿತಾಯವಾದ ಕೂಡಲೇ ಬೆಲೆ ಇಳಿಸು ಎಂಬ ಬೇಡಿಕೆ ಬರುತ್ತಿರಲಿಲ್ಲ, ಮೊದಲ ಲಾಭ ಪೂರೈಕೆದಾರನಲ್ಲೇ ಉಳಿಯುತ್ತಿತ್ತು. ಅದಕ್ಕೆ ಪ್ರತಿಯಾಗಿ, ನೆರವು ಪಡೆದವನು ಮುಂದೆ ತನ್ನ ಕಾರ್ಖಾನೆಯನ್ನು ಇತರ ಪೂರೈಕೆದಾರರಿಗೆ ತೋರಿಸಬೇಕಿತ್ತು. 1977ರಿಂದ ಜಿಶುಕೆನ್ ಎಂಬ ಸಣ್ಣ ಗುಂಪುಗಳು ಶುರುವಾದವು. ಕೆಲವೇ ಪೂರೈಕೆದಾರರು ಸೇರಿ ಸರದಿಯಂತೆ ಒಬ್ಬೊಬ್ಬರ ಕಾರ್ಖಾನೆಯಲ್ಲಿ ನಿಂತು ಸಮಸ್ಯೆ ಬಿಡಿಸುವ ಈ ಗುಂಪುಗಳಲ್ಲಿ ನೇರ ಪ್ರತಿಸ್ಪರ್ಧಿಗಳನ್ನು ಒಟ್ಟಿಗೆ ಸೇರಿಸುತ್ತಿರಲಿಲ್ಲ.

ದೊಡ್ಡ ಕಂಪನಿಗೆ ಇದರಿಂದ ಏನು ಸಿಕ್ಕಿತು ಎಂದು ನೀವು ಕೇಳಬಹುದು. ರಿಜೆಕ್ಷನ್ ಕಡಿಮೆಯಾಯಿತು, ಮಾಲು ಹೇಳಿದ ಹೊತ್ತಿಗೆ ಬಂತು, ಮುಂದಿನ ಮಾದರಿಯ ಕಾರಿಗೆ ಬೆಲೆ ನಿಗದಿಯಾಗುವಾಗ ಇಬ್ಬರೂ ಕಡಿಮೆ ವೆಚ್ಚದಿಂದಲೇ ಮಾತು ಆರಂಭಿಸುವುದು ಸಾಧ್ಯವಾಯಿತು. ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸಲು ಒಬ್ಬ ಪೂರೈಕೆದಾರ ಕಂಡುಕೊಂಡ ಸೆಟಪ್ ವಿಧಾನ ಮತ್ತೊಬ್ಬನ ಯಂತ್ರಕ್ಕೂ ದಾಟಿದಾಗ, ಅದೇ ಪಾಠಕ್ಕೆ ಇಡೀ ಜಾಲವು ಎರಡನೆಯ ಸಲ ಹಣ ತೆರಬೇಕಾಗಿರಲಿಲ್ಲ.

1997ರ ಫೆಬ್ರವರಿ 1ರಂದು ಕರಿಯಾ ಪಟ್ಟಣದಲ್ಲಿ ಟೊಯೊಟಾದ ಪೂರೈಕೆದಾರನಾದ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದಾಗ ಈ ಹಂಚಿಕೆಯ ಮೌಲ್ಯ ಎಲ್ಲರಿಗೂ ಕಾಣಿಸಿತು. ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವ್ ಬಹುಪಾಲು ಅಲ್ಲಿಂದಲೇ ಬರುತ್ತಿದ್ದುದರಿಂದ ಜಪಾನಿನಲ್ಲಿ ಟೊಯೊಟಾದ ಕಾರು ಜೋಡಣಾ ಸಾಲುಗಳು ನಿಂತುಹೋದವು. ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಹೊರಗೆ ಕೊಟ್ಟಿತು. ಸುಮಾರು 200 ಸಂಸ್ಥೆಗಳು ನೇರವಾಗಿ ಅಥವಾ ಪರೋಕ್ಷವಾಗಿ ಕೈಜೋಡಿಸಿದವು, ಅವುಗಳಲ್ಲಿ ಹೊಲಿಗೆ ಯಂತ್ರಗಳಿಗೆ ಹೆಸರಾದ ಬ್ರದರ್ ಕಂಪನಿಯೂ ಇತ್ತು. ದರದ ಮಾತುಕತೆ ಮುಗಿಯುವುದಕ್ಕೆ ಯಾರೂ ಕಾಯಲಿಲ್ಲ, ಕೆಲವೇ ದಿನಗಳಲ್ಲಿ ವಾಲ್ವ್‌ಗಳು ಬರತೊಡಗಿದವು. ವರ್ಷಗಳ ಕಾಲ ಒಬ್ಬರ ಶಾಪ್ ಫ್ಲೋರಿನಲ್ಲಿ ಇನ್ನೊಬ್ಬರು ನಿಂತು ಕಲಿತಿದ್ದರಿಂದ ಇದು ಸಾಧ್ಯವಾಯಿತೇ ಹೊರತು ಆ ವಾರ ಯಾರೋ ಕೊಟ್ಟ ಆದೇಶದಿಂದಲ್ಲ.

ಇನ್ನೊಂದು ದಾರಿಯೂ ಇತ್ತು. ಅಮೆರಿಕದ ಕಾರು ಕಂಪನಿ ಜನರಲ್ ಮೋಟಾರ್ಸ್‌ನ ಖರೀದಿ ವಿಭಾಗಕ್ಕೆ 1992ರಲ್ಲಿ ಮುಖ್ಯಸ್ಥರಾದ ಹೋಸೆ ಇಗ್ನಾಸಿಯೊ ಲೋಪೆಸ್ ಅವರ ಕಾಲದಲ್ಲಿಯೂ ಸುಧಾರಣಾ ತಂಡಗಳು ಪೂರೈಕೆದಾರರ ಕಾರ್ಖಾನೆಗಳಿಗೆ ಹೋದವು. ಆದರೆ ಅವುಗಳ ಬೆನ್ನಿಗೇ ಬೆಲೆ ಕಡಿತದ ಒತ್ತಾಯ ಬರುತ್ತಿತ್ತು, ತಮ್ಮ ವಿನ್ಯಾಸಗಳನ್ನು ಪ್ರತಿಸ್ಪರ್ಧಿಗಳಿಗೆ ತೋರಿಸಿ ಕಡಿಮೆ ದರ ಕೇಳಲಾಗುತ್ತಿದೆ ಎಂಬ ದೂರು ಪೂರೈಕೆದಾರರಿಂದ ವ್ಯಾಪಕವಾಗಿ ಕೇಳಿಬಂತು. ಹೀಗೆ ಒಮ್ಮೆ ನಂಬಿಕೆ ಕೆಟ್ಟರೆ, ಒಳ್ಳೆಯ ಆಲೋಚನೆ ಹೊಳೆದ ಪೂರೈಕೆದಾರ ಅದನ್ನು ಮೊದಲು ಬೇರೆ ಗ್ರಾಹಕನಿಗೆ ತೋರಿಸುತ್ತಾನೆ.

ಕಲಿಯುವವನ ಕಡೆಯಿಂದಲೂ ಇದು ಕೆಡಬಹುದು. ಇದೇ ಜನರಲ್ ಮೋಟಾರ್ಸ್ 1984ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಟೊಯೊಟಾ ಜೊತೆ ನುಮ್ಮಿ ಎಂಬ ಜಂಟಿ ಕಾರ್ಖಾನೆ ಆರಂಭಿಸಿತು. ಟೊಯೊಟಾದ ವಿಧಾನ ಅಲ್ಲಿ ಕಣ್ಣೆದುರೇ ಇತ್ತು, ಮುಚ್ಚುಮರೆಯೇನೂ ಇರಲಿಲ್ಲ. ಆದರೂ ಅಲ್ಲಿ ಪಳಗಿದ ತನ್ನ ಮ್ಯಾನೇಜರುಗಳನ್ನು ಕಂಪನಿಯು ಒಟ್ಟಾಗಿ ಒಂದು ಕಾರ್ಖಾನೆಗೆ ಕಳುಹಿಸದೆ ಅಲ್ಲಲ್ಲಿ ಚದುರಿಸಿದ್ದರಿಂದ ಬದಲಾವಣೆ ಬಹಳ ನಿಧಾನವಾಯಿತು. ಅಮೆರಿಕದ ಕಾರ್ಮಿಕರೊಂದಿಗೆ ಕೆಲಸ ಮಾಡುವುದನ್ನು ಅಲ್ಲಿ ಕಲಿತ ಟೊಯೊಟಾ ಮಾತ್ರ 1988ರ ಹೊತ್ತಿಗೆ ಕೆಂಟಕಿಯಲ್ಲಿ ತನ್ನದೇ ಕಾರ್ಖಾನೆ ನಡೆಸುತ್ತಿತ್ತು.

ಇವೆಲ್ಲ ಹೊರದೇಶದ ಕಥೆಗಳೆಂದು ತಳ್ಳಿಹಾಕಬೇಡಿ, ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್‌ನ ಪೂರೈಕೆದಾರರಿಗೂ ಇಂತಹ ಸಂಘವಿದೆ. ನೀವು ಮಾಡಬೇಕಾದದ್ದು ಇಷ್ಟು: ಈಗ ಪೂರೈಸುತ್ತಿರುವ ಬಿಡಿಭಾಗದಲ್ಲಿ ಆಗುವ ಉಳಿತಾಯಕ್ಕಾಗಿ ಒಪ್ಪಂದದ ಅವಧಿಯಲ್ಲಿ ದರ ಇಳಿಸುವುದಿಲ್ಲ ಎಂದು ಬರೆಸಿಕೊಳ್ಳಿ. ಬರುವವರು ಉತ್ಪಾದನಾ ಎಂಜಿನಿಯರುಗಳಾಗಿರಲಿ, ಖರೀದಿ ವಿಭಾಗದವರು ಬೇಡ. ನಿಮ್ಮ ಫಿಕ್ಸ್‌ಚರ್ ನೋಡಲು ಬರುವ ವೆಂಡರ್ ನಿಮ್ಮದೇ ಬಿಡಿಭಾಗಕ್ಕೆ ದರ ಕೊಟ್ಟು ಸ್ಪರ್ಧಿಸುವವನಾಗಿರಬಾರದು, ಮತ್ತು ಅವನ ಶಾಪ್ ಫ್ಲೋರಿಗೆ ನಿಮ್ಮ ಸೂಪರ್‌ವೈಸರ್ ಹೋಗುವ ದಿನಾಂಕ ಮೊದಲೇ ಗೊತ್ತಾಗಿರಬೇಕು. ಮೊದಲನೆಯ ಷರತ್ತಿಗೆ ಒಪ್ಪದ ಕಂಪನಿಗೆ ನಾನಾಗಿದ್ದರೆ ಬಾಗಿಲು ತೆರೆಯುವುದಿಲ್ಲ. ಇದು ಅತಿಯಾದ ಎಚ್ಚರಿಕೆ ಎನ್ನುವವರಿದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರು ಸಣ್ಣ ಘಟಕ ನಡೆಸಿದವರಲ್ಲ.

ಎನ್‌ಡಿಎಗೆ (ಗೌಪ್ಯತೆಯ ಒಪ್ಪಂದಕ್ಕೆ) ಸಹಿ ಹಾಕಿಸಿಕೊಂಡರೆ ಸಾಕಲ್ಲವೇ?

ಸಾಲದು. ನಮ್ಮಲ್ಲಿ ವ್ಯಾಪಾರ ರಹಸ್ಯಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲದಿರುವುದರಿಂದ ವ್ಯಾಜ್ಯವು ಮುಖ್ಯವಾಗಿ ಒಪ್ಪಂದದ ಷರತ್ತುಗಳ ಮೇಲೆಯೇ ನಿಲ್ಲುತ್ತದೆ. ಏನನ್ನು, ಯಾವ ದಿನ, ಯಾರಿಗೆ ತೋರಿಸಿದಿರಿ ಎಂಬ ದಾಖಲೆ ನಿಮ್ಮಲ್ಲಿಲ್ಲದಿದ್ದರೆ ಆ ಸಹಿಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ನಮ್ಮ ವೆಚ್ಚದ ಲೆಕ್ಕವಿರುವ ಕಾಸ್ಟ್ ಶೀಟನ್ನೂ ತೆರೆದಿಡಬೇಕೇ?

ಬೇಡ.

ಸಲಹೆಗಾರರೊಬ್ಬರು "ಜ್ಞಾನ ಹಂಚಿಕೆ ಪೋರ್ಟಲ್" ಹಾಕಿಸಿದರೆ ಮೂರು ತಿಂಗಳಲ್ಲಿ ವೆಚ್ಚ ಇಳಿಯುತ್ತದೆ ಎನ್ನುತ್ತಿದ್ದಾರೆ. ಕೊಳ್ಳಬಹುದೇ?

ಯಂತ್ರದ ಮುಂದೆ ನಿಂತು ನೋಡದೆ ವೆಚ್ಚ ಇಳಿಸುವ ಮಾತಾಡುವವರಿಗೆ ದಯವಿಟ್ಟು ಹಣ ಕೊಡಬೇಡಿ. ಇಂತಹವರು ಸಣ್ಣ ಘಟಕಗಳ ಆತಂಕವನ್ನೇ ಬಂಡವಾಳ ಮಾಡಿಕೊಂಡು ಬೆಳೆದಿದ್ದಾರೆ, ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ಸಂಗತಿ. ಟೂಲ್ ಸವೆಯುವ ಸದ್ದನ್ನು ಗುರುತಿಸುವ ಆಪರೇಟರನ ತಿಳಿವಳಿಕೆ ಪಿಡಿಎಫ್ ಆಗಿ ಅಪ್‌ಲೋಡ್ ಆಗುವುದಿಲ್ಲ, ಅವನ ಪಕ್ಕದಲ್ಲಿ ಇನ್ನೊಬ್ಬ ಆಪರೇಟರ್ ಕೆಲವು ಪಾಳಿ ನಿಲ್ಲಬೇಕು. ಆ ಪೋರ್ಟಲ್ಲಿಗೆ ಕೊಡಲಿದ್ದ ಹಣದಲ್ಲಿ ಯಂತ್ರ ಸಜ್ಜುಗೊಳಿಸುವ ನಿಮ್ಮ ಅತ್ಯುತ್ತಮ ಸೆಟ್ಟರ್‌ಗೆ ಒಂದು ವಾರ ಸಂಬಳ ಸಹಿತ ಬಿಡುವು ಕೊಟ್ಟು ಪಾಲುದಾರನ ಘಟಕಕ್ಕೆ ಕಳುಹಿಸಿ, ಹಿಂತಿರುಗಿದ ಮೇಲೆ ಅವನು ಕೇಳುವ ಬದಲಾವಣೆಗೆ ಒಂದು ಯಂತ್ರವನ್ನು ಬಿಟ್ಟುಕೊಡಿ.