ಕೇಬಲ್ ತೆಗೆಸಿ ಸ್ಟ್ರೀಮಿಂಗ್‌ಗೆ ಹೋದರೆ ನಿಜಕ್ಕೂ ದುಡ್ಡು ಉಳಿಯುತ್ತದಾ?

ಉಳಿಯುತ್ತದೆ. ಆದರೆ ಸಿಕ್ಕ ಆ್ಯಪ್‌ಗಳನ್ನೆಲ್ಲಾ ಒಟ್ಟಿಗೆ ತಗೊಂಡರೆ ಬಿಲ್ಲು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ, ಅಲ್ವಾ? ಮೊದಲು ಒಂದು ವಾರ, ಮನೆಯವರು ನಿಜವಾಗಿ ನೋಡುವ ಚಾನೆಲ್‌ಗಳನ್ನು ಚೀಟಿಯಲ್ಲಿ ಬರೆದಿಡಿ. ನಾಲ್ಕೈದು ದಾಟುವುದು ಕಡಿಮೆ. ಅವು ಸಿಗುವ ಆ್ಯಪ್ ಮಾತ್ರ ಸಾಕು, ಅದೂ ತಿಂಗಳ ಲೆಕ್ಕದಲ್ಲಿ. ನೋಡಿ ಮುಗಿದ ಮೇಲೆ ನಿಲ್ಲಿಸಿ, ಇನ್ನೊಂದಕ್ಕೆ ಹೋಗಿ. ಸುಮ್ನೆ ವರ್ಷದ ಚಂದಾ ಕಟ್ಟಬೇಡಿ.

ಇಂಟರ್ನೆಟ್ ಖರ್ಚನ್ನೂ ಸೇರಿಸಿಕೊಳ್ಳಿ. ಎಚ್‌ಡಿಗೆ ಸುಮಾರು 5 ಎಂಬಿಪಿಎಸ್ ವೇಗ ಸಾಕು, ಆದರೆ ಗಂಟೆಗೆ 3 ಜಿಬಿವರೆಗೂ ಡೇಟಾ ತಿನ್ನುತ್ತದೆ. ಸ್ಮಾರ್ಟ್ ಅಲ್ಲದ ಟಿವಿಯಾದರೆ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ಸಾಕು.

ಕಿರಿಕಿರಿ ಇರುವುದು ಲೈವ್ ಆಟದಲ್ಲಿ. ಸ್ಟ್ರೀಮಿಂಗ್ ಕೆಲವು ಸೆಕೆಂಡು ಹಿಂದೆ ಓಡುತ್ತದೆ. ನೀವು ಉಸಿರು ಬಿಗಿಹಿಡಿದು ಕೂತಿರುವಾಗಲೇ ಕೇಬಲ್ ಇರುವ ಪಕ್ಕದ ಮನೆಯವರು ‘ಗೋಲ್’ ಅಂತ ಕೂಗಿರುತ್ತಾರೆ!