ಅಳಿಸಬೇಡಿ. ಆ ಲೇಯರೇ ನಿಮ್ಮ ಸಾಕ್ಷಿ

ಡಿಜಿಟಲ್ ಚಿತ್ರದಲ್ಲಿ ಬೇರೆಯವರ ಫೋಟೋದಿಂದ ಭಂಗಿ ಟ್ರೇಸ್ ಮಾಡಿದ್ದೀರಿ, ಕಾಲೇಜಿನಿಂದ ಕೃತಿಚೌರ್ಯದ ನೋಟಿಸ್ ಬಂದಿದೆ, "30% ಬದಲಾಯಿಸಿದ್ದೇನೆ, ರೆಫರೆನ್ಸ್ ಲೇಯರ್ (ಫೈಲಿನಲ್ಲಿ ಆ ಫೋಟೋ ಇಟ್ಟಿರುವ ಪದರ) ಅಳಿಸಿ ಫೈಲ್ ಕೊಟ್ಟರೆ ಸಾಕಲ್ಲವೇ" ಅಂತ ಕೇಳಿದ್ದೀರಿ. ಇದನ್ನು ಓದುವಾಗ ನನಗೆ ನನ್ನ ಹರಿದ ಸ್ಕೆಚ್ ಬುಕ್ಕೇ ಕಣ್ಣಿಗೆ ಬಂತು.

ನನ್ನದು ಲಿನೋಕಟ್, ಅಂದರೆ ಲಿನೋಲಿಯಂ ಹಾಳೆಯ ಬ್ಲಾಕನ್ನು ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಅಚ್ಚೊತ್ತುವ ಕೆಲಸ. ಅಂಗಿ ತೊಟ್ಟು ಕೂತ ಮುದುಕನೊಬ್ಬನ ಫೋಟೋ, ಯಾರೋ ಛಾಯಾಗ್ರಾಹಕರದ್ದು. ಲಿನೋದಲ್ಲಿ ಬ್ಲಾಕಿನ ಮೇಲಿರುವುದು ಅಚ್ಚಿನಲ್ಲಿ ಕನ್ನಡಿಯಂತೆ ತಿರುಗುತ್ತದೆ. ಅದಕ್ಕೇ ಟ್ರೇಸಿಂಗ್ ಪೇಪರಿನ ಪೆನ್ಸಿಲ್ ಮುಖವನ್ನು ಕೆಳಗೆ ಮಾಡಿ ಬ್ಲಾಕಿನ ಮೇಲೆ ಉಜ್ಜುತ್ತೇವೆ. ನಾನು ಬೇಕೆಂದೇ ಹಾಗೆ ಮಾಡಲಿಲ್ಲ. ಕಾರ್ಬನ್ ಪೇಪರ್ ಇಟ್ಟು ಇದ್ದ ಹಾಗೇ ಇಳಿಸಿದೆ. ಅಚ್ಚು ತಿರುಗಿ ಬಂದರೆ ಇಮೇಜ್ ಸರ್ಚಿನಲ್ಲಿ ಸಿಗಲ್ಲ ಅನ್ನೋ ಬುದ್ಧಿವಂತಿಕೆ. ಅಚ್ಚನ್ನು ಸ್ಕ್ಯಾನ್ ಮಾಡಿ ಒಮ್ಮೆ ತಿರುಗಿಸಿ ಹುಡುಕೋಕೆ ಯಾರಿಗೂ ಅರ್ಧ ನಿಮಿಷ ಸಾಕು ಅಂತ ಹೊಳೆಯಲೇ ಇಲ್ಲ.

ನನಗೂ ನೋಟಿಸ್ ಬಂತು. ವಿಚಾರಣೆಗೆ ಕೂತ ಮೇಡಂ ಮೊದಲು ಕೇಳಿದ್ದು ಫೋಟೋ ಬಗ್ಗೆ ಅಲ್ಲ. "ಕೂತವರ ಅಂಗಿಗೆ ಬಲಗಡೆ ಜೇಬಿತ್ತಾ?" ಅಂದರು. "ಬ್ಲಾಕಿಗೆ ತಿರುಗಿಸದೆ ಇಳಿಸಿದೆ" ಅಂದಿದ್ದರೆ ಅದು ನಿಜವೇ ಆಗುತ್ತಿತ್ತು. ನಾನು "ಹೌದು ಮೇಡಂ, ಪರಿಚಯದವರನ್ನು ಕೂರಿಸಿ ಬರೆದಿದ್ದು, ಬಲಗಡೆಯೇ ಇತ್ತು" ಅಂದೆ. ಗುಂಡಿಪಟ್ಟಿ ಕೂಡ ಉಲ್ಟಾ ಇದೆಯಲ್ಲ ಅಂತ ಅವರು ಬೆರಳಿಟ್ಟು ತೋರಿಸಿದರು. ಆಮೇಲೆ ಸ್ಕೆಚ್ ಬುಕ್ ಕೇಳಿದರು.

ಹಿಂದಿನ ರಾತ್ರಿ ಅದರಿಂದ ನಾಲ್ಕು ಹಾಳೆ ಹರಿದುಹಾಕಿದ್ದೆ. ದಾರದಿಂದ ಹೊಲಿದ ಪುಸ್ತಕದಲ್ಲಿ ಒಂದೊಂದು ಕಾಗದವನ್ನೂ ನಡುವೆ ಮಡಚಿರುತ್ತಾರೆ. ಈ ಕಡೆಯ ಹಾಳೆ ಹರಿದರೆ ಮಡಿಕೆಯ ಆ ಕಡೆ ಇರುವ ಅದರ ಜೋಡಿ ಸಡಿಲವಾಗುತ್ತದೆ. ಪುಟ ತಿರುಗಿಸಿದ್ದೇ ತಡ, ಎರಡು ಹಾಳೆ ಮೇಜಿನ ಮೇಲೆ ಜಾರಿ ಬಿದ್ದವು. ಹರಿದ ಜಾಗದ ಕೆಳಗಿನ ಪುಟವನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದರು. ಒತ್ತಿ ಟ್ರೇಸ್ ಮಾಡಿದ ಗೆರೆ, ಭುಜ, ಮೂಗು, ಜೇಬು, ಎಲ್ಲ ತಗ್ಗಾಗಿ ಮೂಡಿತ್ತು.

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಆ ನಾಲ್ಕು ಹಾಳೆಗಳಲ್ಲೇ ಒಂದರ ಮೂಲೆಯಲ್ಲಿ ಛಾಯಾಗ್ರಾಹಕರ ಹೆಸರು, ಲಿಂಕು, ತಾರೀಖು ಬರೆದಿಟ್ಟಿದ್ದೆ. ಕೆಲಸ ಶುರು ಮಾಡುವಾಗ ಮುಚ್ಚಿಡೋ ಉದ್ದೇಶ ನನಗಿರಲಿಲ್ಲ ಅಂತ ತೋರಿಸೋಕೆ ಇದ್ದ ಒಂದೇ ಪುರಾವೆ ಅದು. ಅದನ್ನು ನಾನೇ ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದ್ದೆ. ಮೂಲ ಹೇಳದ ತಪ್ಪಿಗೆ ನಮ್ಮ ನಿಯಮದಲ್ಲಿದ್ದದ್ದು ಕೆಲಸ ಮತ್ತೆ ಮಾಡಿಕೊಡುವುದು, ಅಂಕಕ್ಕೊಂದು ಮಿತಿ, ಅಷ್ಟೇ. ಸುಳ್ಳು ಹೇಳಿದ್ದು, ಸಾಕ್ಷಿ ನಾಶ ಮಾಡಿದ್ದು ಬೇರೆ ಕಲಂ. ಆ ಕೋರ್ಸ್ ಫೇಲ್, ಒಂದು ಸೆಮಿಸ್ಟರ್ ಹೊರಗೆ.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 2008ರ ಒಬಾಮಾ ಪೋಸ್ಟರ್ ಮಾಡಿದ ಶೆಪರ್ಡ್ ಫೇರಿ ಬಳಸಿದ್ದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಫೋಟೋ. ಅದು ನ್ಯಾಯಯುತ ಬಳಕೆಯೋ (ಅನುಮತಿ ಇಲ್ಲದೆಯೂ ಬಳಸಲು ಕಾನೂನು ಕೊಡುವ ವಿನಾಯಿತಿ) ಅಲ್ಲವೋ ಅನ್ನೋದು ತೀರ್ಪಿನವರೆಗೂ ಹೋಗಲಿಲ್ಲ, 2011ರಲ್ಲಿ ರಾಜಿಯಾಯಿತು. ಆದರೆ ಬೇರೆ ಫೋಟೋ ಬಳಸಿದ್ದೆ ಅಂತ ಹೇಳಿ, ಕಂಪ್ಯೂಟರಿನ ಫೈಲು ಅಳಿಸಿ, ಸುಳ್ಳು ಫೈಲು ಸೃಷ್ಟಿಸಿದ್ದಕ್ಕೆ 2012ರಲ್ಲಿ ಕ್ರಿಮಿನಲ್ ಕೇಸಿನಲ್ಲಿ 2 ವರ್ಷ ಪ್ರೊಬೇಶನ್ (ಜೈಲಿನ ಬದಲು ಕೋರ್ಟಿನ ನಿಗಾ), 300 ಗಂಟೆ ಸಮುದಾಯ ಸೇವೆ, 25,000 ಡಾಲರ್ ದಂಡ.

ಇನ್ನು ನಿಮ್ಮ 30%. ಅಂಥ ನಿಯಮ ಕಾನೂನಿನಲ್ಲೂ ಇಲ್ಲ, ಕಾಲೇಜಿನಲ್ಲೂ ಇರಲ್ಲ. ಭಂಗಿಯ 30% ಅನ್ನು ಯಾವ ಅಳತೆಪಟ್ಟಿಯಲ್ಲಿ ಅಳೆಯುತ್ತೀರಿ? ಅದೂ ಅಲ್ಲದೆ ಕಾಪಿರೈಟ್ ಬೇರೆ, ಕೃತಿಚೌರ್ಯ ಬೇರೆ. ಕಾಪಿರೈಟ್ ಅವಧಿ ಮುಗಿದ ಚಿತ್ರವನ್ನೂ ಮೂಲ ಹೇಳದೆ ನಿಮ್ಮದೆಂದು ಕೊಟ್ಟರೆ ಕಾಲೇಜಿನ ಲೆಕ್ಕದಲ್ಲಿ ಚೌರ್ಯವೇ. ಕಮಿಟಿ ಮುಂದೆ ಈ ಪರ್ಸೆಂಟ್ ಮಾತು ಎತ್ತಲೇಬೇಡಿ. ಎಷ್ಟು ಬದಲಾಯಿಸಿದರೆ ಸಿಕ್ಕಿಬೀಳಲ್ಲ ಅಂತ ಲೆಕ್ಕ ಹಾಕಿದ್ದೀರಿ ಅಂತಲೇ ಅವರಿಗೆ ಕೇಳಿಸುತ್ತದೆ.

ಈಗ ಮಾಡಬೇಕಾದ್ದು. ಮೂಲ ಫೈಲನ್ನು ತೆರೆಯಲೂ ಬೇಡಿ. ಒಮ್ಮೆ ಸೇವ್ ಆದರೆ ಬದಲಾದ ದಿನಾಂಕವೇ ಇವತ್ತಿನದಾಗುತ್ತದೆ. ಅದರ ಒಂದು ಪ್ರತಿ ಮಾಡಿ, ಪ್ರತಿಯನ್ನು ತೆರೆದು ನೋಡಿ. ಪ್ರೊಕ್ರಿಯೇಟ್ ಅನ್ನೋ ಚಿತ್ರ ಬರೆಯೋ ಆ್ಯಪಿನಲ್ಲಿ ಮಾಡಿದ್ದರೆ, ಬರೆಯುವಾಗ ಅದು ದಾಖಲಿಸಿದ ಟೈಮ್‌ಲ್ಯಾಪ್ಸ್ ವಿಡಿಯೋ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಕೆಲಸದ ನಡುವೆ ತೆಗೆದ ಫೋಟೋಗಳಿದ್ದರೆ ಫೋನಿನಿಂದ ನೇರ ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ತೆಗೆದ ದಿನಾಂಕದ ಮಾಹಿತಿ ಕಳಚಿಹೋಗುತ್ತದೆ. ನೋಟಿಸ್ ಕಳಿಸಿದವರಿಗೆ ಮೇಲ್ ಹಾಕಿ ಮೂರು ವಿಷಯ ಕೇಳಿ: ಯಾವ ಕಲಂ, ಅವರ ಹತ್ತಿರ ಇರುವ ಪುರಾವೆಯ ಪ್ರತಿ, ಜೊತೆಗೆ ಒಬ್ಬರನ್ನು ಕರೆತರಬಹುದೇ. ಫೋನಿನಲ್ಲಿ ಕೇಳಿದರೆ ದಾಖಲೆ ಉಳಿಯಲ್ಲ. ಉತ್ತರಕ್ಕೆ ಕೊಟ್ಟ ಗಡುವು ಕೆಲಸದ ದಿನಗಳ ಲೆಕ್ಕವೋ ರಜೆಯೂ ಸೇರಿದ್ದೋ ಅಂತ ಮೊದಲೇ ನೋಡಿಕೊಳ್ಳಿ.

ಹೇಳಿಕೆ ಅರ್ಧ ಪುಟ ಮೀರದಿರಲಿ. "ಈ ಭಂಗಿಯನ್ನು ಇಂಥವರ ಇಂಥ ಫೋಟೋದಿಂದ ಟ್ರೇಸ್ ಮಾಡಿದ್ದೇನೆ. ಹಿನ್ನೆಲೆ, ಬಣ್ಣ, ಬಟ್ಟೆ ನನ್ನದು. ಸಲ್ಲಿಸುವಾಗ ಮೂಲ ನಮೂದಿಸಲಿಲ್ಲ." ಇಷ್ಟರಲ್ಲೇ ಶುರುವಾಗಲಿ. "ಪ್ರೇರಣೆ ಪಡೆದೆ" ಅಂತ ತೇಲಿಸಬೇಡಿ. ಗೆರೆ ಮೇಲೆ ಗೆರೆ ಎಳೆದದ್ದಕ್ಕೆ ಟ್ರೇಸ್ ಅನ್ನೋದೇ ಸರಿಯಾದ ಪದ. ಅದೇ ಕೆಲಸವನ್ನು ಇನ್ನೊಂದು ಕೋರ್ಸಿಗೂ ಕೊಟ್ಟಿದ್ದರೆ, ಗೆಳೆಯರು ಒಂದು ಭಾಗ ಮಾಡಿಕೊಟ್ಟಿದ್ದರೆ, ಎಐ ಬಳಸಿದ್ದರೆ ಅದನ್ನೂ ಇಲ್ಲೇ ಬರೆಯಿರಿ. ಎರಡನೇ ಸಭೆಯಲ್ಲಿ ಹೊರಬಿದ್ದರೆ ಮೊದಲು ಹೇಳಿದ ನಿಜಕ್ಕೂ ಬೆಲೆ ಉಳಿಯಲ್ಲ. ಕಾಲೇಜು ವಿಚಾರಣೆಯಲ್ಲಿ ಸಾಮಾನ್ಯವಾಗಿ ಕ್ರಿಮಿನಲ್ ಕೋರ್ಟಿನ ಹಾಗೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕಿಲ್ಲ, ನಡೆದಿರೋ ಸಾಧ್ಯತೆಯೇ ಹೆಚ್ಚು ಅನ್ನಿಸಿದರೆ ಸಾಕು.

ಹಳೇ ಸ್ಕೆಚ್‌ಗಳಿಗೆ ಈಗ ಕೂತು ತಾರೀಖು ಹಾಕೋ ಆಸೆ ಬರುತ್ತದೆ, ನನಗೂ ಬಂದಿತ್ತು. ತಾರೀಖಿಲ್ಲದ ಹಾಳೆ ತಾರೀಖಿಲ್ಲದೇ ಇರಲಿ. ಹೇಳಲೇಬೇಕಿದ್ದರೆ ಬೇರೆ ಕಾಗದದಲ್ಲಿ "ನೆನಪಿನಿಂದ ಬರೆದಿದ್ದು" ಅಂತ ಬರೆದು, ಕೆಳಗೆ ಇವತ್ತಿನ ದಿನಾಂಕ ಹಾಕಿ ಜೊತೆಗಿಡಿ.